ಉಗುರುಬೆಚ್ಚಗಿನ ನೀರು: ನಾಯಿಯ ಒಣ ಆಹಾರದ ಒಂದು ಚರಿತ್ರೆ

ಬಟ್ಟಲಿಗೆ ಸುರಿದ ಒಣ ಆಹಾರವನ್ನು ನಾಯಿ ಒಮ್ಮೆ ಮೂಸಿ, ಮೂತಿ ತಿರುಗಿಸಿ ಹೊರಟುಹೋಗುತ್ತದೆ ಎಂಬುದು ನಾಯಿ ಸಾಕಿದ ಮನೆಗಳಲ್ಲಿ ಇಂದು ಪದೇ ಪದೇ ಕೇಳಿಬರುವ ದೂರು. ಇದರ ಹೊಣೆಯನ್ನು ಸಾಮಾನ್ಯವಾಗಿ ನಾಯಿಯ ಮೇಲೆಯೇ ಹೊರಿಸಲಾಗುತ್ತದೆ; ಅದಕ್ಕೆ ನಾಲಿಗೆ ಚಪಲ ಹೆಚ್ಚು, ಮುದ್ದು ಮಾಡಿ ಕೆಡಿಸಿದ್ದಾಯಿತು ಎಂಬ ತೀರ್ಮಾನಕ್ಕೆ ಮನೆಯವರು ಬೇಗ ಬರುತ್ತಾರೆ. ಆದರೆ ಒಣ ಆಹಾರ ಹುಟ್ಟಿ ಬೆಳೆದ ಬಗೆಯನ್ನು ಗಮನಿಸಿದರೆ, ಅದನ್ನು ಒಣಗಿಸಿದ್ದು ಸಾಗಣೆಗಾಗಿ, ದಾಸ್ತಾನಿಗಾಗಿ, ಅಂಗಡಿಯ ಕಪಾಟಿಗಾಗಿ ಮತ್ತು ಅಡುಗೆಮನೆಯ ಕೆಲಸವನ್ನು ಹಗುರಗೊಳಿಸುವುದಕ್ಕಾಗಿಯೇ ಹೊರತು ನಾಯಿಯ ರುಚಿಗಾಗಿ ಅಲ್ಲವೆಂಬುದು ಸ್ಪಷ್ಟವಾಗುತ್ತದೆ. ಒಣಗಿಸುವಾಗ ಕಳೆದುಹೋದ ತೇವ, ಬಿಸುಪು ಮತ್ತು ಮಾಂಸದ ವಾಸನೆಯನ್ನು ಮರಳಿ ಕೂಡಿಸುವ ಪ್ರಯತ್ನ, ಮೊದಲು ನಾಯಿ ಸಾಕುವವರ ಕೈಯಲ್ಲಿಯೂ ಆಮೇಲೆ ಕಾರ್ಖಾನೆಗಳ ಒಳಗೂ, ಎರಡು ಸಾವಿರ ವರ್ಷಗಳಿಂದ ನಡೆದುಬಂದಿದೆ.

ನಾಯಿಗೆ ಧಾನ್ಯದ ಆಹಾರ ಹಾಕುವುದು ಆಧುನಿಕ ಕಾಲದ ಆವಿಷ್ಕಾರವಲ್ಲ. ರೋಮನ್ ವಿದ್ವಾಂಸ ವಾರೋ ಕ್ರಿ.ಪೂ. 37ರ ಸುಮಾರಿಗೆ ರಚಿಸಿದ ಕೃಷಿಗ್ರಂಥದಲ್ಲಿ ಕುರಿಗಾವಲಿನ ನಾಯಿಗಳಿಗೆ ಬಾರ್ಲಿಯ ರೊಟ್ಟಿಯನ್ನು ಕೊಡಬೇಕೆಂದು ಹೇಳುತ್ತಾನೆ. ಆದರೆ ಅದನ್ನು ಹಾಲಿನಲ್ಲಿ ನೆನೆಸಿ ಕೊಡಬೇಕೆಂಬ ಮಾತನ್ನೂ ಜೊತೆಗೇ ಸೇರಿಸುತ್ತಾನೆ. ಕ್ರಿ.ಶ. ಒಂದನೆಯ ಶತಮಾನದಲ್ಲಿ ಬರೆದ ಕೊಲುಮೆಲ್ಲಾ ಇನ್ನೂ ವಿವರಕ್ಕೆ ಇಳಿಯುತ್ತಾನೆ. ಮಂದೆಗಳಿರುವ ವಿಶಾಲವಾದ ಜಮೀನಾದರೆ ಬಾರ್ಲಿ ಹಿಟ್ಟನ್ನು ಹಾಲು ಒಡೆದಾಗ ಉಳಿಯುವ ತಿಳಿನೀರಿನಲ್ಲಿ ಕಲಸಿ ಕೊಡಬಹುದೆಂದೂ, ದ್ರಾಕ್ಷಿಯಂಥ ಗಿಡಗಳನ್ನಷ್ಟೇ ಬೆಳೆಯುವ, ಹಸುಕುರಿಗಳಿಲ್ಲದ ತೋಟವಾದರೆ ಗೋಧಿಯ ರೊಟ್ಟಿಗೆ ಬೆಂದ ಅವರೆಜಾತಿಯ ಕಾಳಿನ ಕಟ್ಟನ್ನು ಬೆರೆಸಬೇಕೆಂದೂ ಅವನ ಸೂಚನೆ. ಆ ಕಟ್ಟು ಉಗುರುಬೆಚ್ಚಗೆ ಇರಬೇಕು, ಕುದಿಯುವಂತಿದ್ದರೆ ನಾಯಿಗೆ ಹುಚ್ಚು ಹಿಡಿಯುತ್ತದೆ ಎಂಬುದು ಅವನ ಎಚ್ಚರಿಕೆ. ಬಿಸಿ ಆಹಾರದಿಂದ ಹುಚ್ಚು ಬರುತ್ತದೆಂಬ ಕಾರಣ ತಪ್ಪು, ಏಕೆಂದರೆ ಹುಚ್ಚು ವೈರಾಣುವಿನಿಂದ ಬರುವ ರೋಗ. ಆದರೆ ಉಗುರುಬೆಚ್ಚಗಿನ ಕಟ್ಟಿನಲ್ಲಿ ನೆನೆದ ರೊಟ್ಟಿಯನ್ನು ನಾಯಿ ಇಷ್ಟಪಟ್ಟು ತಿನ್ನುತ್ತದೆ ಎಂಬ ಅನುಭವ ಮಾತ್ರ ಇಂದಿಗೂ ಸಲ್ಲುತ್ತದೆ.

ಮಧ್ಯಯುಗದ ಯುರೋಪಿನ ಅರಸುಮನೆಗಳಲ್ಲಿ ನೂರಾರು ಬೇಟೆನಾಯಿಗಳನ್ನು ಒಂದೇ ಕಡೆ ಸಾಕುತ್ತಿದ್ದುದರಿಂದ, ಅಗ್ಗದ ಹಿಟ್ಟು ಮತ್ತು ತೌಡಿನ ರೊಟ್ಟಿಯೇ ಅವುಗಳ ನಿತ್ಯದ ಆಹಾರವಾಗಿತ್ತು. ಪಿರೆನೀಸ್ ಪರ್ವತಗಳ ತಪ್ಪಲಿನ ಫುವಾ ಪ್ರಾಂತದ ಒಡೆಯ ಗಾಸ್ತೋ ಫೇಬ್ಯೂ 1387ರಲ್ಲಿ ಬರೆಯತೊಡಗಿದ ಬೇಟೆಯ ಗ್ರಂಥದಲ್ಲಿ ನಾಯಿಮನೆಯ ಸ್ವಚ್ಛತೆ, ಹಾಸು, ಓಡಾಟ, ಕಾಯಿಲೆ ಎಲ್ಲಕ್ಕೂ ನಿಯಮಗಳಿವೆ. ಕಾಯಿಲೆಬಿದ್ದು ರೊಟ್ಟಿ ಮುಟ್ಟದ ನಾಯಿಗೆ ಮೇಕೆಯ ಹಾಲು, ಕಾಳಿನ ಕಟ್ಟು, ಸಣ್ಣಗೆ ಕೊಚ್ಚಿದ ಮಾಂಸ ಮುಂತಾದ ಮೃದು ಆಹಾರವನ್ನು ಕೊಡಬೇಕೆಂಬುದೂ ಅವುಗಳಲ್ಲಿ ಒಂದು. ಬೇಟೆ ಮುಗಿದ ಮೇಲೆ ನಡೆಯುತ್ತಿದ್ದ ಕ್ಯುರೇ ಎಂಬ ವಿಧಿ ಈ ಚರಿತ್ರೆಗೆ ಇನ್ನೂ ಹತ್ತಿರದ್ದು. ಸುಲಿದ ಜಿಂಕೆಯ ತೊಗಲನ್ನು ನೆಲದ ಮೇಲೆ ಹಾಸಿ, ರೊಟ್ಟಿಯ ತುಂಡುಗಳನ್ನು ಅದರ ರಕ್ತದಲ್ಲಿ ನೆನೆಸಿ, ಕತ್ತರಿಸಿದ ಕರುಳಿನ ಚೂರುಗಳೊಂದಿಗೆ ಕಲಸಿ ಅದರ ಮೇಲೆ ಹರಡಿ, ಅಲ್ಲಿಯವರೆಗೆ ತಡೆದು ನಿಲ್ಲಿಸಿದ್ದ ನಾಯಿಗಳನ್ನು ಒಮ್ಮೆಲೇ ಬಿಡುತ್ತಿದ್ದರು. ಬೇಟೆಗೂ ಊಟಕ್ಕೂ ನಂಟು ಕಲ್ಪಿಸುವುದು ಆ ವಿಧಿಯ ಉದ್ದೇಶವಾಗಿತ್ತಾದರೂ, ಸಪ್ಪೆ ರೊಟ್ಟಿಯ ಮೇಲೆ ಪ್ರಾಣಿಜನ್ಯ ರಸವನ್ನು ಲೇಪಿಸಿ ಅದನ್ನು ಹಂಬಲಿಸುವಂತೆ ಮಾಡುವ ಈ ಉಪಾಯವೇ ಆರು ಶತಮಾನಗಳ ನಂತರ ಕಾರ್ಖಾನೆಯಲ್ಲಿ ಬೇರೊಂದು ರೂಪದಲ್ಲಿ ನೆಲೆಯೂರಿತು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ನರಿಬೇಟೆಯ ನಾಯಿಮನೆಗಳಲ್ಲಿ ಓಟ್ಸ್ ಹಿಟ್ಟನ್ನು ದೊಡ್ಡ ಕಡಾಯಿಗಳಲ್ಲಿ ಗಟ್ಟಿಯಾಗಿ ಬೇಯಿಸಿ, ಕುದುರೆಮಾಂಸದ ಸಾರಿನಲ್ಲಿ ಕದಡಿ ಉಣಿಸುವ ಪದ್ಧತಿಯಿತ್ತು. ಡಾರ್ಸೆಟ್ಟಿನ ಪೀಟರ್ ಬೆಕ್‌ಫರ್ಡ್ 1781ರಲ್ಲಿ ಪ್ರಕಟಿಸಿದ ಬೇಟೆಯ ಪುಸ್ತಕ ಈ ಅಡುಗೆಗೂ, ಉಣಿಸುವ ಕ್ರಮಕ್ಕೂ ಬಹಳ ಗಮನ ಕೊಡುತ್ತದೆ. ಪ್ರತಿ ನಾಯಿಯನ್ನೂ ಅದರ ಹೆಸರು ಹಿಡಿದು ಕರೆದು ತೊಟ್ಟಿಯ ಬಳಿಗೆ ಬಿಡುವುದು, ಬಡಕಲಾದವುಗಳಿಗೆ ಸರದಿಯಲ್ಲಿ ಆದ್ಯತೆ ಕೊಡುವುದು ಆ ಕ್ರಮದ ಭಾಗವಾಗಿದ್ದವು. ಅಷ್ಟೊಂದು ನಾಯಿಗಳ ನಡುವೆಯೂ ಒಂದೊಂದರ ಹಸಿವನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದ ಆ ಉಣಿಸುವವನ ಕಣ್ಣು, ಮುಂದೆ ಬಂದ ಪೊಟ್ಟಣದ ಆಹಾರದ ಕಾಲದಲ್ಲಿ ನಿಜವಾಗಿಯೂ ನಷ್ಟವಾದ ಸಂಗತಿ ಎನ್ನಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ನಾಯಿಗಳು ಹಳ್ಳಿಯ ಬಂಗಲೆಗಳಿಂದ ನಗರದ ಮನೆಗಳಿಗೆ ಹಬ್ಬಿದವು. ಅಲ್ಲಿ ಕಡಾಯಿಯೂ ಇರಲಿಲ್ಲ, ಕುದುರೆಮಾಂಸ ಬೇಯಿಸುವ ಅನುಕೂಲವೂ ಇರಲಿಲ್ಲ. ಲಂಡನ್ನಿನಲ್ಲಿ ಬೆಂದ ಕುದುರೆಮಾಂಸವನ್ನು ಮನೆಮನೆಗೆ ತಂದು ಬೆಕ್ಕುನಾಯಿಗಳಿಗಾಗಿ ಮಾರುವ ವ್ಯಾಪಾರಿಗಳ ಒಂದು ವರ್ಗವೇ ಇತ್ತು, ಬೀದಿ ಕಸುಬುಗಳನ್ನು ಕುರಿತು ಹೆನ್ರಿ ಮೇಹ್ಯೂ 1851ರ ಸುಮಾರಿಗೆ ಬರೆದ ವಿವರಗಳಲ್ಲಿ ಅವರಿಗೂ ಜಾಗ ಸಿಕ್ಕಿದೆ. ಇಂಥ ನಗರಕ್ಕೆ ಸಿಡಿಲುವಾಹಕಗಳನ್ನು, ಅಂದರೆ ಕಟ್ಟಡಗಳನ್ನು ಸಿಡಿಲಿನಿಂದ ಕಾಪಾಡುವ ಲೋಹದ ಸರಳುಗಳನ್ನು, ಮಾರಲು ಬಂದವನು ಅಮೆರಿಕದ ಒಹಾಯೋ ರಾಜ್ಯದ ಜೇಮ್ಸ್ ಸ್ಪ್ರ್ಯಾಟ್. ಹಡಗಿನ ಬಿಸ್ಕತ್ತು ಎಂಬ ಆಹಾರವನ್ನು, ಅಂದರೆ ಹಿಟ್ಟು ನೀರು ಕಲಸಿ ಕಲ್ಲಿನಂತೆ ಗಟ್ಟಿಯಾಗುವವರೆಗೆ ಸುಟ್ಟು ನಾವಿಕರಿಗಾಗಿ ತಿಂಗಳುಗಟ್ಟಲೆ ಕೂಡಿಡುತ್ತಿದ್ದ ಬಿಲ್ಲೆಗಳನ್ನು, ನಾಯಿಗಳು ಕಡಿಯುವುದನ್ನು ಕಂಡು ಅವನಿಗೆ ಹೊಸ ವ್ಯಾಪಾರ ಹೊಳೆಯಿತೆಂದು ಪ್ರತೀತಿ. 1860ರ ದಶಕದ ಆರಂಭದಲ್ಲಿ ಅವನು ಮಾರುಕಟ್ಟೆಗೆ ತಂದ ನಾಯಿ ಬಿಸ್ಕತ್ತಿನಲ್ಲಿ ಗೋಧಿ ಹಿಟ್ಟು, ತರಕಾರಿ, ಬೀಟ್‌ರೂಟ್ ಹಾಗೂ ಅಮೆರಿಕದ ಹುಲ್ಲುಗಾವಲಿನ ದನದ ಒಣಗಿಸಿದ, ಉಪ್ಪು ಹಾಕದ ಮಾಂಸಾಂಶ ಇವೆಯೆಂದು ಜಾಹೀರಾತುಗಳು ಸಾರಿದವು. ಪ್ರತಿ ಬಿಲ್ಲೆಯ ಮೇಲೂ ಕಂಪನಿಯ ಹೆಸರು ಅಚ್ಚೊತ್ತಿರುತ್ತಿತ್ತು; ಅದಿಲ್ಲದವು ನಕಲಿ ಎಂದು ಗಿರಾಕಿಗಳನ್ನು ಎಚ್ಚರಿಸಲಾಗುತ್ತಿತ್ತು.

ಸ್ಪ್ರ್ಯಾಟ್‌ನ ಬಿಸ್ಕತ್ತು ಗೆದ್ದದ್ದು ನಾಯಿಗಳ ನಾಲಿಗೆಯಿಂದಲ್ಲ, ಕಾಲದ ಅಗತ್ಯದಿಂದ. 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ನಡೆದ ಶ್ವಾನ ಪ್ರದರ್ಶನದ ನಂತರ ಅಂಥ ಪ್ರದರ್ಶನಗಳ ಅಲೆಯೇ ಎದ್ದು, ರೈಲಿನಲ್ಲಿ ಊರಿಂದೂರಿಗೆ ನಾಯಿಗಳನ್ನು ಕರೆದೊಯ್ಯುವವರಿಗೆ ಕೆಡದ, ಸೋರದ, ಚೀಲದಲ್ಲಿ ಒಯ್ಯಬಹುದಾದ ಆಹಾರ ಬೇಕಾಯಿತು. ಹುಡುಗನಾಗಿದ್ದಾಗ ಇದೇ ಕಂಪನಿಗೆ ಸೇರಿ, ಅದರ ಪರವಾಗಿ ಊರೂರು ಸುತ್ತಿ ಬಿಸ್ಕತ್ತು ಮಾರಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ತನ್ನ ಹೆಸರಿನ ಶ್ವಾನ ಪ್ರದರ್ಶನವನ್ನು ಆರಂಭಿಸಿದನು. ಅದು ಇಂದಿಗೂ ನಡೆಯುತ್ತಿದೆ. ಇಷ್ಟಾಗಿಯೂ ಆ ಬಿಲ್ಲೆಯನ್ನು ಹಾಗೆಯೇ ಕೊಟ್ಟರೆ ಮುಟ್ಟದ ನಾಯಿಗಳಿದ್ದವು. ಅಂಥವುಗಳಿಗಾಗಿ ಮನೆಗಳಲ್ಲಿ ಬಿಸ್ಕತ್ತನ್ನು ಸುತ್ತಿಗೆಯಿಂದ ಪುಡಿಗುಟ್ಟಿ, ಬಿಸಿನೀರನ್ನೋ ಮೂಳೆಯ ಸಾರನ್ನೋ ಸುರಿದು, ಮುಚ್ಚಿಟ್ಟು, ಮೆತ್ತಗಾದ ಮೇಲೆ ಹದವಾಗಿ ಆರಿಸಿ ಇಡುತ್ತಿದ್ದರು. ಕೆಲಸ ಉಳಿಸಲೆಂದು ಕೊಂಡ ಆಹಾರಕ್ಕೆ ಮತ್ತೆ ಅಡುಗೆಮನೆಯ ಕೆಲಸ ಅಂಟಿಕೊಂಡದ್ದು ಹೀಗೆ.

1908ರ ಸುಮಾರಿಗೆ ನ್ಯೂಯಾರ್ಕಿನ ಬೆನೆಟ್ ಬಿಸ್ಕತ್ತು ಕಂಪನಿ ಮೂಳೆಯ ಆಕಾರದ ಬಿಸ್ಕತ್ತನ್ನು ತಂದಿತು. ಆಕಾರ ಮೆಚ್ಚಿಸಿದ್ದು ಕೊಳ್ಳುವವರ ಕಣ್ಣನ್ನು ಮಾತ್ರ. 1922ರಲ್ಲಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಚಾಪೆಲ್ ಸಹೋದರರು ಕುದುರೆಮಾಂಸವನ್ನು ಡಬ್ಬಿಯಲ್ಲಿ ತುಂಬಿ ಕೆನ್-ಎಲ್-ರೇಷನ್ ಎಂಬ ಹೆಸರಿನಲ್ಲಿ ಮಾರಲಾರಂಭಿಸಿದಾಗ ಪರಿಸ್ಥಿತಿ ಬೇರೆಯಾಯಿತು, ಏಕೆಂದರೆ ಡಬ್ಬಿಯ ಆಹಾರದಲ್ಲಿ ಮುಕ್ಕಾಲು ಪಾಲು ನೀರೇ ಇದ್ದು, ಮಾಂಸದ ವಾಸನೆಯೂ ಉಳಿದಿರುತ್ತಿತ್ತು. ನಾಯಿಯನ್ನು ಪುಸಲಾಯಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಅಮೆರಿಕದ ನಾಯಿಗಳು ಮತ್ತೆ ಒಣ ಆಹಾರಕ್ಕೆ ಮರಳಿದ್ದು ಯಾರೂ ಬಯಸಿ ಅಲ್ಲ. ಎರಡನೆಯ ಮಹಾಯುದ್ಧಕ್ಕೆ ಆ ದೇಶ ಇಳಿದ ಮೇಲೆ ತವರದ ಬಳಕೆಗೆ ಕಡಿವಾಣ ಬಿದ್ದು, ಸಾಕುಪ್ರಾಣಿಗಳ ಆಹಾರಕ್ಕೆ ಡಬ್ಬಿ ಸಿಗದಂತಾಯಿತು. ಅದುವರೆಗೆ ಡಬ್ಬಿ ತುಂಬುತ್ತಿದ್ದವರು ಅನಿವಾರ್ಯವಾಗಿ ಒಣ ಹಿಟ್ಟು, ಒಣ ಬಿಲ್ಲೆ, ಒಣ ಚೂರುಗಳಿಗೆ ತಿರುಗಿದರು. ಯುದ್ಧ ಮುಗಿಯಿತು, ತವರ ಮತ್ತೆ ದೊರೆಯಿತು. ಆದರೆ ಕಾಗದದ ಚೀಲದ ಅಗ್ಗದ ಆಹಾರಕ್ಕೆ ಜನ ಅಷ್ಟರೊಳಗೆ ಒಗ್ಗಿಹೋಗಿದ್ದರು.

ಇಂದು ಬಟ್ಟಲಿನಲ್ಲಿ ಕಾಣುವ ಉಬ್ಬಿದ, ಹಗುರವಾದ ಕಾಳಿನಂಥ ಆಹಾರ ಬಂದದ್ದು 1957ರಲ್ಲಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ರಾಲ್ಸ್ಟನ್ ಪ್ಯೂರಿನಾ ಕಂಪನಿ ಮನುಷ್ಯರ ಬೆಳಗಿನ ತಿಂಡಿಯ ಧಾನ್ಯವನ್ನೂ, ದನಕೋಳಿಗಳ ಮೇವನ್ನೂ ತಯಾರಿಸುತ್ತಿತ್ತು. ತಿಂಡಿಯ ಕಾರ್ಖಾನೆಯಲ್ಲಿದ್ದ ಎಕ್ಸ್‌ಟ್ರೂಡರ್ ಎಂಬ ಯಂತ್ರದಲ್ಲಿ ನಾಯಿಯ ಆಹಾರವನ್ನು ಹಾಯಿಸಿ ನೋಡಿದ್ದರಿಂದ ಡಾಗ್ ಚೌ ಹುಟ್ಟಿತು. ಈ ಯಂತ್ರ ತತ್ತ್ವದಲ್ಲಿ ಚಕ್ಕುಲಿ ಒರಳಿನಂಥದು. ಧಾನ್ಯದ ಹಿಟ್ಟು, ಮಾಂಸದ ಪುಡಿ, ನೀರು ಮತ್ತು ಹಬೆ ಸೇರಿದ ಕಣಕವನ್ನು ಒಳಗಿನ ತಿರುಪು ಮುಂದಕ್ಕೆ ನೂಕುತ್ತ ಹೋದಂತೆ ಒತ್ತಡವೂ ಶಾಖವೂ ಏರಿ, ಕಣಕ ನೂರು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಬೇಯುತ್ತದೆ. ತುದಿಯ ಬಿಲ್ಲೆಯ ರಂಧ್ರಗಳಿಂದ ಅದು ಹೊರಬಂದ ಕೂಡಲೇ ಒತ್ತಡ ಇಳಿದು, ಒಳಗಿನ ನೀರು ಹಬೆಯಾಗಿ ಸಿಡಿದು, ತುಂಡು ಉಬ್ಬಿಕೊಳ್ಳುತ್ತದೆ. ತಿರುಗುವ ಅಲಗು ಅದನ್ನು ಕತ್ತರಿಸುತ್ತದೆ, ಬಿಸಿಗಾಳಿ ಒಣಗಿಸುತ್ತದೆ. ಕೊನೆಗೆ ಉಳಿಯುವ ನೀರು ಶೇಕಡಾ 10ರ ಆಸುಪಾಸು; ಬೂಸು ಹಿಡಿಯದೆ ತಿಂಗಳುಗಟ್ಟಲೆ ಇರಲು ಅಷ್ಟೇ ಇರಬೇಕು.

ಈ ವಿಧಾನದಿಂದ ನಾಯಿಗೆ ನಿಜವಾದ ಒಂದು ಲಾಭವಾಯಿತು: ಹಿಟ್ಟಿನ ಪಿಷ್ಟ ಚೆನ್ನಾಗಿ ಬೆಂದು ಸುಲಭವಾಗಿ ಅರಗುವಂತಾಯಿತು. ಆದರೆ ಅದೇ ಶಾಖ ಮತ್ತು ಅದೇ ಒಣಗಿಸುವಿಕೆ ಆಹಾರದ ವಾಸನೆಯ ಬಹುಭಾಗವನ್ನು ಹಬೆಯೊಂದಿಗೆ ಹೊರಗೆ ಕಳಿಸಿದವು. ಕಣಕಕ್ಕೇ ಹೆಚ್ಚು ಕೊಬ್ಬು ಬೆರೆಸಿ ರುಚಿ ಹೆಚ್ಚಿಸೋಣವೆಂದರೆ ಇನ್ನೊಂದು ತೊಡಕು. ಕೊಬ್ಬು ಜಾರುವ ಗುಣದ್ದಾದುದರಿಂದ ಯಂತ್ರದೊಳಗೆ ಸಾಕಷ್ಟು ತಿಕ್ಕಾಟ ಹುಟ್ಟದೆ ತುಂಡು ಉಬ್ಬುವುದೇ ಇಲ್ಲ. ಆದುದರಿಂದ ಒಣಗಿದ ತುಂಡುಗಳನ್ನು ತಿರುಗುವ ಡ್ರಮ್ಮಿಗೆ ಹಾಕಿ, ಕರಗಿಸಿದ ಪ್ರಾಣಿಗಳ ಕೊಬ್ಬನ್ನು ಅವುಗಳ ಮೇಲೆ ಸಿಂಪಡಿಸುವ ಕ್ರಮ ಬಳಕೆಗೆ ಬಂದಿತು. ಅದರ ಮೇಲೆ ಇನ್ನೊಂದು ಲೇಪ ಬೀಳುತ್ತದೆ. ಅದನ್ನು ಉದ್ಯಮದವರು ಡೈಜೆಸ್ಟ್ ಎನ್ನುತ್ತಾರೆ. ಕೋಳಿಯ ಪಿತ್ತಜನಕಾಂಗ, ಕರುಳು ಮೊದಲಾದವನ್ನು ನುಣ್ಣಗೆ ಅರೆದು, ಕಿಣ್ವಗಳಿಂದ, ಅಂದರೆ ಜೀರ್ಣಕ್ರಿಯೆಯನ್ನು ನಡೆಸುವ ರಾಸಾಯನಿಕಗಳಿಂದ, ಅದರ ಪ್ರೋಟೀನನ್ನು ಸಣ್ಣಸಣ್ಣ ತುಣುಕುಗಳಾಗಿ ಒಡೆಸಿ, ಬೇಕಾದ ಹಂತ ಬಂದಾಗ ಆಮ್ಲ ಹಾಕಿ ಆ ಕ್ರಿಯೆಯನ್ನು ನಿಲ್ಲಿಸಿದಾಗ ದೊರೆಯುವ ದಟ್ಟ ರಸವೇ ಡೈಜೆಸ್ಟ್. ಇದನ್ನು ದ್ರವವಾಗಿ ಸಿಂಪಡಿಸುವುದೂ ಉಂಟು, ಒಣಪುಡಿಯಾಗಿ ಉದುರಿಸುವುದೂ ಉಂಟು. ಒಟ್ಟು ತೂಕದಲ್ಲಿ ಇದರ ಪಾಲು ಬಹಳ ಕಡಿಮೆ. ಆದರೂ ನಾಯಿ ಬಟ್ಟಲಿಗೆ ಬಾಯಿ ಹಾಕುವುದೋ ಬಿಡುವುದೋ ಎಂಬುದು ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ. ಹೀಗೆ ಒಣ ಆಹಾರದ ರುಚಿಯೆಲ್ಲವೂ ಅದರ ಹೊರಮೈಯಲ್ಲಿರುವುದರಿಂದ, ಚೀಲ ತೆರೆದಿಟ್ಟು ಗಾಳಿಯಾಡಿದಂತೆ ಮೊದಲು ಕೆಡುವುದೂ ಅದೇ. ಕೊಬ್ಬು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಮಟಾಗುತ್ತದೆ. ಮನುಷ್ಯರ ಮೂಗಿಗೆ ಏನೂ ತಿಳಿಯದಿರುವಾಗಲೇ ನಾಯಿಯ ಮೂಗಿಗೆ ಅದು ತಿಳಿದುಬಿಡುತ್ತದೆ.

ರುಚಿಯನ್ನು ಅಳೆಯಲು ಉದ್ಯಮ ರೂಪಿಸಿಕೊಂಡ ಮುಖ್ಯ ಪರೀಕ್ಷೆ ಎರಡು ಬಟ್ಟಲಿನದು: ಎರಡು ಬಗೆಯ ಆಹಾರವನ್ನು ಅಕ್ಕಪಕ್ಕ ಇಟ್ಟು, ನಾಯಿ ಮೊದಲು ಯಾವುದಕ್ಕೆ ಬಾಯಿ ಹಾಕಿತು, ಕೊನೆಯಲ್ಲಿ ಯಾವುದನ್ನು ಎಷ್ಟು ತಿಂದಿತು ಎಂಬುದನ್ನು ತೂಗಿ ಬರೆದುಕೊಳ್ಳುತ್ತಾರೆ, ಎಡಬಲದ ರೂಢಿ ಫಲಿತಾಂಶವನ್ನು ಕೆಡಿಸದಂತೆ ಮರುದಿನ ಬಟ್ಟಲುಗಳ ಸ್ಥಾನ ಬದಲಿಸುತ್ತಾರೆ. ಎರಡರಲ್ಲಿ ಯಾವುದು ವಾಸಿ ಎಂಬುದನ್ನು ಈ ಪರೀಕ್ಷೆ ಚೆನ್ನಾಗಿಯೇ ಹೇಳುತ್ತದೆ. ಆದರೆ ಒಂದೇ ಆಹಾರವನ್ನು ವರ್ಷಗಟ್ಟಲೆ, ದಿನಕ್ಕೆರಡು ಹೊತ್ತು, ಒಂದೇ ಬಟ್ಟಲಿನಲ್ಲಿ ತಿನ್ನುವ ಮನೆನಾಯಿಯ ಅನುಭವವನ್ನು ಅದು ಹೇಳಲಾರದು, ಮತ್ತು ಈ ಎರಡರ ಅಂತರವನ್ನು ಮರೆತೇ ನಾಯಿಯನ್ನು ಹಟಮಾರಿ ಎನ್ನಲಾಗುತ್ತದೆ.

ಒಣ ಆಹಾರದ ಕೊರತೆಯನ್ನು ಕಂಪನಿಗಳೇ ಅರಿತಿದ್ದವು ಎಂಬುದಕ್ಕೆ 1959ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಗ್ರೇವಿ ಟ್ರೇನ್ ಸಾಕ್ಷಿ. ಅದರ ಒಣ ತುಂಡುಗಳ ಮೇಲೆ ಮನೆಯವರು ಬೆಚ್ಚಗಿನ ನೀರು ಸುರಿದರೆ, ಲೇಪದಲ್ಲಿದ್ದ ಪದಾರ್ಥ ಕರಗಿ ಕಂದುಬಣ್ಣದ ಗಟ್ಟಿ ಸಾರಾಗುತ್ತಿತ್ತು. ಜಾಹೀರಾತಿನ ಮುಖ್ಯ ಆಕರ್ಷಣೆಯೇ ಅದಾಗಿತ್ತು. ಎರಡು ವರ್ಷಗಳ ನಂತರ, 1961ರಲ್ಲಿ, ಗೇನ್ಸ್ ಬರ್ಗರ್ ಎಂಬ ಅರೆತೇವದ ಆಹಾರ ಬಂದಿತು. ನೀರನ್ನು ಹಿಡಿದಿಟ್ಟು ಸೂಕ್ಷ್ಮಜೀವಿಗಳಿಗೆ ದಕ್ಕದಂತೆ ಮಾಡುವ ಸಕ್ಕರೆಯಂಥ ಪದಾರ್ಥಗಳನ್ನು ಬೆರೆಸಿದ್ದರಿಂದ ಅದು ಮೆತ್ತಗೂ ಇರುತ್ತಿತ್ತು, ಶೀತಪೆಟ್ಟಿಗೆಯಿಲ್ಲದೆ ಕೆಡದೆಯೂ ಇರುತ್ತಿತ್ತು. ಇದೇ ಕಾಲದಲ್ಲಿ ಇನ್ನೊಂದು ಪ್ರಚಾರವೂ ಜೋರಾಗಿತ್ತು. 1958ರಲ್ಲಿ ಸ್ಥಾಪನೆಯಾದ ಪೆಟ್ ಫುಡ್ ಇನ್‌ಸ್ಟಿಟ್ಯೂಟ್ ಎಂಬ ಉತ್ಪಾದಕರ ಸಂಘ, ಮನೆಯವರು ಉಂಡು ಮಿಕ್ಕಿದ್ದನ್ನು ನಾಯಿಗೆ ಹಾಕುವುದು ಹಾನಿಕರವೆಂದೂ, ಪೊಟ್ಟಣದ ಆಹಾರವೊಂದೇ ಪರಿಪೂರ್ಣವೆಂದೂ ಜನರಿಗೆ ಮನದಟ್ಟು ಮಾಡಲು ದುಡಿಯಿತು. ಪೋಷಕಾಂಶಗಳ ಲೆಕ್ಕದಲ್ಲಿ ಆ ಮಾತಿನಲ್ಲಿ ಹುರುಳಿತ್ತು, ಏಕೆಂದರೆ ಬರಿಯ ಅನ್ನ ಅಥವಾ ಬರಿಯ ಮಾಂಸ ತಿಂದು ಬೆಳೆದ ಮರಿಗಳಲ್ಲಿ ಮೂಳೆಯ ದೋಷಗಳು ಕಾಣಿಸಿಕೊಳ್ಳುತ್ತಿದ್ದವು. ಆದರೆ ಪರಿಪೂರ್ಣವೆಂಬ ಮಾತನ್ನು ಜನ ಎಷ್ಟು ಅಕ್ಷರಶಃ ತೆಗೆದುಕೊಂಡರೆಂದರೆ, ಒಂದು ಲೋಟ ಬೆಚ್ಚಗಿನ ನೀರು ಬೆರೆಸಲೂ ಹಿಂಜರಿಯುವವರು ಇಂದಿಗೂ ಇದ್ದಾರೆ.

ನಾಯಿಯ ಇಂದ್ರಿಯಗಳ ಬಗೆಗಿನ ತಿಳಿವಳಿಕೆ ಈ ಹಿಂಜರಿಕೆಗೆ ಆಸ್ಪದ ಕೊಡುವುದಿಲ್ಲ. ನಾಯಿಯ ನಾಲಿಗೆಯ ಮೇಲಿನ ರುಚಿಮೊಗ್ಗುಗಳು ಸುಮಾರು 1,700. ಮನುಷ್ಯನ ನಾಲಿಗೆಯಲ್ಲಿ ಅವು ಹಲವು ಪಟ್ಟು ಹೆಚ್ಚು. ನಾಯಿ ಊಟವನ್ನು ನಿರ್ಧರಿಸುವುದು ಮೂಗಿನಿಂದ. ಬಿಸುಪು ಏರಿದಂತೆ ಆಹಾರದ ವಾಸನೆಯ ಕಣಗಳು ಹೆಚ್ಚಾಗಿ ಗಾಳಿಗೆ ಸೇರುತ್ತವೆ, ತೇವವಿದ್ದರೆ ಲೇಪ ಕರಗಿ ಹರಡುತ್ತದೆ. ಹಾಗಾಗಿ ತಣ್ಣನೆಯ ಒಣ ಆಹಾರಕ್ಕಿಂತ ಬೆಚ್ಚನೆಯ ತೇವದ ಆಹಾರದ ಕಡೆಗೆ ನಾಯಿ ವಾಲುವುದು ಅದರ ದೇಹಧರ್ಮ. ಧಾನ್ಯವೇ ನಾಯಿಗೆ ಒಗ್ಗದು ಎಂಬ ಇನ್ನೊಂದು ವಾದಕ್ಕೂ ಆಧಾರ ಸಾಲದು. ಸ್ವೀಡನ್ನಿನ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಪಿಷ್ಟವನ್ನು ಅರಗಿಸುವ ಕಿಣ್ವಕ್ಕೆ ಕಾರಣವಾದ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇವೆ. ಮನುಷ್ಯ ಬೇಸಾಯಕ್ಕೆ ನಿಂತ ಮೇಲೆ ಅವನ ಕಣದ, ಒಲೆಯ ಮಿಕ್ಕಿದ್ದನ್ನು ತಿಂದು ಬದುಕಿದ ಪ್ರಾಣಿಯ ಮೈಯಲ್ಲಿ ಉಳಿದ ಗುರುತು ಇದು.

ಕರ್ನಾಟಕದ ಹಳ್ಳಿಗಳಲ್ಲಿ ನಾಯಿ ಬೆಳೆದದ್ದೂ ಇಂಥ ಊಟದಿಂದಲೇ. ಉತ್ತರದ ಜೋಳದ ಸೀಮೆಯಲ್ಲಿ ರೊಟ್ಟಿಯನ್ನು ಮುರಿದು ಹಾಲಿನಲ್ಲೋ ಮಜ್ಜಿಗೆಯಲ್ಲೋ ನೆನೆಸಿ ಹಾಕುವುದು, ದಕ್ಷಿಣದಲ್ಲಿ ರಾಗಿ ಮುದ್ದೆಯನ್ನೋ ತಂಗಳನ್ನವನ್ನೋ ಮಜ್ಜಿಗೆಯಲ್ಲಿ ಕಿವುಚಿ ಹಾಕುವುದು ರೂಢಿ. ಒಣಗಿದ್ದನ್ನು ಒಣಗಿದಂತೆಯೇ ನಾಯಿಯ ಮುಂದೆ ಎಸೆದರೂ ತಿಂದೀತೆಂಬ ಭರವಸೆ ಯಾರಿಗೂ ಇರಲಿಲ್ಲ. ಬೆಂಗಳೂರಿನಂಥ ನಗರಗಳಲ್ಲಿ ಪೊಟ್ಟಣದ ಕಾಳು ಮನೆಮಾತಾದ ಮೇಲೆಯೂ, ತಿನ್ನದ ನಾಯಿಗೆ ಅದರ ಜೊತೆ ಒಂದು ಹಿಡಿ ಮೊಸರನ್ನ ಕಲಸಿ ಕೊಡುವ ಹಿರಿಯರು ಮಾಡುತ್ತಿರುವುದು ಇದೇ ರೂಢಿಯ ಮುಂದುವರಿಕೆ, ಮತ್ತು ಅದನ್ನು ಹಿಂದುಳಿದ ಪದ್ಧತಿಯೆಂದು ತಳ್ಳಿಹಾಕಲು ಕಾರಣವಿಲ್ಲ. ಎಚ್ಚರ ಬೇಕಾದದ್ದು ಬೇರೆ ಕಡೆ. ಮನೆಯ ಸಾರು, ಹುಳಿಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳಿರುತ್ತವೆ. ಅವು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುವುದರಿಂದ ಅಂಥ ಸಾರನ್ನು ರುಚಿಗೆಂದು ಬೆರೆಸುವುದು ಸಲ್ಲದು. ಅಲ್ಲದೆ ಕಾಳನ್ನು ಮುಟ್ಟದಿದ್ದಾಗಲೆಲ್ಲ ಅದನ್ನು ತೆಗೆದು ಮಾಂಸದ ಅನ್ನವನ್ನೇ ಇಟ್ಟರೆ, ಕಾದರೆ ಒಳ್ಳೆಯದು ಸಿಗುತ್ತದೆಂದು ಜಾಣ ಪ್ರಾಣಿ ಬೇಗ ಕಲಿಯುತ್ತದೆ.

ಹಿಂದಿನವರ ಅನುಭವ ಮತ್ತು ಈಗಿನ ತಿಳಿವಳಿಕೆ ಎರಡೂ ಸೂಚಿಸುವ ಕ್ರಮ ಸರಳವಾದದ್ದು. ಚೀಲವನ್ನು ಬಿಸಿಲು ತಾಗದ ಕಡೆ ಬಾಯಿ ಬಿಗಿದು ಇಡುವುದು, ಕರಾವಳಿಯಂಥ ಸೆಕೆಯ ಊರಾದರೆ ಕೆಲವೇ ವಾರಗಳಲ್ಲಿ ಮುಗಿಯುವಷ್ಟು ಸಣ್ಣ ಚೀಲವನ್ನೇ ಕೊಳ್ಳುವುದು, ಕಾಳಿನ ಮೇಲೆ ಉಗುರುಬೆಚ್ಚಗಿನ ನೀರನ್ನೋ, ಉಪ್ಪು ಮತ್ತು ಈರುಳ್ಳಿ ಹಾಕದ ಕೋಳಿಯ ಸಾರನ್ನೋ ಸುರಿದು ಹತ್ತು ನಿಮಿಷ ಬಿಡುವುದು, ಹೊತ್ತಿಗೆ ಸರಿಯಾಗಿ ಇಟ್ಟು, ಇಪ್ಪತ್ತು ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ತೆಗೆದುಬಿಡುವುದು, ಹೊಸ ಬಗೆಯ ಆಹಾರವಾದರೆ ವಾರದುದ್ದಕ್ಕೂ ಹಳೆಯದರೊಂದಿಗೆ ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋಗುವುದು. ಇಷ್ಟರಿಂದಲೇ ಬಹಳಷ್ಟು ನಾಯಿಗಳು ಬಟ್ಟಲಿಗೆ ಮರಳುತ್ತವೆ. ಆದರೆ ಅದುವರೆಗೆ ಚೆನ್ನಾಗಿ ತಿನ್ನುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಒಣ ಆಹಾರವನ್ನು ಬಿಟ್ಟರೆ, ಅಗಿಯುವಾಗ ತಲೆ ವಾಲಿಸಿದರೆ, ಬಾಯಿಂದ ಕಾಳು ಉದುರಿಸಿದರೆ, ಅದು ಹಲ್ಲು, ಒಸಡು ಅಥವಾ ಮೂತ್ರಪಿಂಡದ ಕಾಯಿಲೆಯ ಲಕ್ಷಣವಾಗಿರಬಹುದು. ಅಂಥ ನಾಯಿಗೆ ರುಚಿಯ ಉಪಾಯಗಳನ್ನು ಹುಡುಕುತ್ತ ದಿನ ಕಳೆಯದೆ, ಮೊದಲು ಪಶುವೈದ್ಯರಿಗೆ ತೋರಿಸಬೇಕು.